ಬನ್ನಿ ಹಬ್ಬದ ಉಪಕಾರಸ್ಮರಣೆ

ಹೊಳೆದಂಡೆಯ ಆಶ್ರಮ. ವಿಜಯದಶಮಿ. ಬನ್ನಿ ಮರದ ಕೆಳಗೆ ಸೈನ್ಯ, ದಡದಲ್ಲಿ ಸಾಲು ದೋಣಿ. ಬನ್ನಿ ಮುಡಿದು ಸೀಮೆ ದಾಟಿ ಆಚೆ ದಡದ ರಾಜ್ಯಕ್ಕೆ ನುಗ್ಗಬೇಕು. ಬೀಳ್ಕೊಡಲು ಸೊಂಟಕ್ಕೆ ಕತ್ತಿ ಕಟ್ಟಿ ಸ್ವತಃ ಮಂತ್ರಿ ಬಂದಿದ್ದ.

"ಈ ಯುದ್ಧ ಏತಕ್ಕೆ?" ಎಂದು ಯಾರೋ ಕೇಳಿದರು. ಮಂತ್ರಿ ಮೊದಲು ನೀರಿಗಾಗಿ ಎಂದ. ಆಮೇಲೆ ಧರ್ಮಕ್ಕಾಗಿ ಎಂದ. ಕೊನೆಗೆ ಶಾಂತಿಗಾಗಿ ಎಂದ. ಬಾಯಿಗೆ ಬಂದದ್ದೇ ಕಾರಣ!

ಶಿಷ್ಯ ಚೆನ್ನವೀರನಿಗೆ ಮೈಯೆಲ್ಲ ಉರಿಯಿತು. ಅವನ ಅಕ್ಕ ನೀಲವ್ವನನ್ನು ಕೊಟ್ಟದ್ದು ಆಚೆ ದಡದ ಊರಿಗೇ. ಮೊದಲ ಬೆಂಕಿ ಬೀಳುವುದೂ ಅವಳ ಕೇರಿಗೇ. ಆದರೆ ಅವನ ನಾಲಿಗೆಗೆ ಕೊಂಕಿಲ್ಲದೆ ಮಾತು ಬಾರದು.

ಕೈಮುಗಿದು ಮುಂದೆ ಬಂದ.

"ಮಂತ್ರಿಗಳೇ, ಹಬ್ಬದ ದಿನ ನಿಮ್ಮ ಉಪಕಾರ ನೆನೆಯದಿದ್ದರೆ ಹೇಗೆ? ಶಾಂತಿ ಬರಲೆಂದು ಊರು ಸುಡುತ್ತೀರಿ. ಮಕ್ಕಳು ಸುಖವಾಗಿರಲೆಂದು ಅಪ್ಪಂದಿರನ್ನು ಸಾಯಲು ಕಳಿಸುತ್ತೀರಿ. ನೀವು ಮಾತ್ರ ಪಾಪ, ನಮಗೋಸ್ಕರ ಅರಮನೆಯಲ್ಲೇ ಉಳಿಯುವ ಕಷ್ಟ ಪಡುತ್ತೀರಿ. ಈ ಋಣ ಹೇಗೆ ತೀರಿಸೋಣ?"

ಅಂಬಿಗರು ಮುಸಿಮುಸಿ ನಕ್ಕರು. ಮಂತ್ರಿಯ ಕಣ್ಣಲ್ಲಿ ಮಾತ್ರ ನೀರು!

"ಎಂಥ ಮಾತಾಡಿದೆಯಪ್ಪ! ಇದನ್ನೇ ಊರೂರಲ್ಲಿ ಡಂಗುರ ಹೊಡೆಸುತ್ತೇನೆ" ಎಂದು ತನ್ನ ಕೊರಳ ಹಾರವನ್ನೇ ತೆಗೆದು ಅವನಿಗೆ ಹಾಕಿದ.

ಚೆನ್ನವೀರ ಕಕ್ಕಾಬಿಕ್ಕಿಯಾದ. ಮರದ ಬುಡದಲ್ಲಿ ಕೂತಿದ್ದ ಗುರು ಅಡವಯ್ಯನವರ ಬಳಿ ಓಡಿದ.

"ಗುರುಗಳೇ, ಚಾಟಿಯೇಟು ಕೊಟ್ಟೆ ಅಂದುಕೊಂಡೆ. ಅವನು ಹೊಗಳಿಕೆ ಅಂದುಕೊಂಡ!"

"ಚೆನ್ನಾಗಿತ್ತಯ್ಯ. ನನಗೂ ನಗು ಬಂತು."

"ನಗಬೇಡಿ. ಅಕ್ಕನ ಮನೆ ಸುಡುತ್ತಾರೆ."

"ಹೌದೇ? ನಿನ್ನ ಮಾತಿನಲ್ಲಿ ಅಕ್ಕ ಎಲ್ಲಿದ್ದಳು? ನನಗೆ ಕಾಣಲೇ ಇಲ್ಲವಲ್ಲ."

ಗುರುಗಳು ಒಂದು ಹಿಡಿ ಬನ್ನಿ ಎಲೆ ಕಿತ್ತು ಚೆನ್ನವೀರನ ಕೈಗಿಟ್ಟರು.

"ಹಿರಿಯರಿಗೆ ಬನ್ನಿ ಕೊಟ್ಟು ಕಾಲಿಗೆ ಬೀಳುವ ದಿನ. ಅಕ್ಕನಿಗೆ ಕೊಟ್ಟೆಯಾ?"

ಅವನು ಹಾರ ತೆಗೆದಿಟ್ಟು ನೇರ ದೋಣಿಗಳ ಹತ್ತಿರ ಹೋದ. ಈ ಸಲ ಕೊಂಕಿರಲಿಲ್ಲ.

"ನನ್ನ ಅಕ್ಕ ನೀಲವ್ವ ಆಚೆ ದಡದಲ್ಲಿದ್ದಾಳೆ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ. ಅವಳಿಗೆ ಬನ್ನಿ ಕೊಡಬೇಕು. ದಾಟಿಸ್ತೀರಾ?"

ಯಾರೂ ನಗಲಿಲ್ಲ. ಮುದಿ ಅಂಬಿಗನೊಬ್ಬ, "ನನ್ನ ಮಗಳನ್ನೂ ಅಲ್ಲಿಗೇ ಕೊಟ್ಟೀನಪ್ಪ, ಹತ್ತು" ಎಂದ. ಸೈನಿಕನೊಬ್ಬ ತಲೆ ಕೆರೆದುಕೊಂಡ. "ನಮ್ಮ ಸೋದರಮಾವನೂ ಅಲ್ಲೇ ಇರೋದು" ಎಂದು ಕತ್ತಿಯನ್ನು ಬನ್ನಿ ಮರಕ್ಕೆ ತೂಗುಹಾಕಿ ಒಂದು ಹಿಡಿ ಎಲೆ ಕಿತ್ತುಕೊಂಡ. ಅವನ ಹಿಂದೆ ಇನ್ನೊಬ್ಬ. ನೋಡನೋಡುತ್ತಾ ಕೊಂಬೆಗಳು ಕತ್ತಿಯ ಭಾರಕ್ಕೆ ಬಾಗಿದವು, ದೋಣಿಗಳು ನೆಂಟರಿಂದ ತುಂಬಿದವು.

ಮಂತ್ರಿ ಸಿಡಿಮಿಡಿಗೊಂಡ. "ಇದೇನು ಸ್ವಾಮಿ ಅವಾಂತರ? ಸೈನ್ಯ ಸೀಮೆ ದಾಟಬೇಕಿತ್ತು!"

ಅಡವಯ್ಯನವರು ಅವನ ಕೈಗೂ ಎರಡು ಎಲೆ ಇಟ್ಟರು.

"ದಾಟುತ್ತಿದೆಯಲ್ಲ! ಇನ್ನೂ ಒಬ್ಬರಿಗೆ ಜಾಗವಿದೆ. ಕತ್ತಿ ಮರಕ್ಕೆ ತೂಗುಹಾಕಿ ಹತ್ತಿಕೊಳ್ಳಿ."