ಬಡಗಿ ಬಿಟ್ಟ ಜೋಡಿ ಎಕ್ಕ

ಶಿಷ್ಯ ಕೇಳಿದ: “ಗುರುಗಳೇ, ನಿನ್ನೆ ಊಟದ ಪಂಕ್ತಿಯಲ್ಲಿ ಭಕ್ತರಿಗೆ ಬಡಿಸುತ್ತಾ, ನಾನು ಬಿಟ್ಟುಬಂದ ಮನೆ, ಹೊಲ, ಗೊತ್ತಾದ ಮದುವೆ ಎಲ್ಲವನ್ನೂ ಹೇಳಿದೆ. ಕೇಳಿದ ಗೃಹಸ್ಥನೊಬ್ಬ ಅರ್ಧ ಊಟಕ್ಕೇ ಎದ್ದುಹೋದ. ತಾವು ನನ್ನ ಮೇಲೆ ಸಿಡುಕಿದಿರಿ. ಬಿಟ್ಟದ್ದು ನಾನು. ಬಿಟ್ಟದ್ದು ನನ್ನದು. ಹೇಳಿದರೆ ತಪ್ಪೇನು?”

ಗುರು ಹೇಳಿದ: “ಒಂದು ಕತೆ ಹೇಳುತ್ತೇನೆ, ಕೇಳು. ಇದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ನನ್ನಷ್ಟು ನಿಜ ಹೇಳುವವನು ಈ ಸೀಮೆಯಲ್ಲಿ ಒಬ್ಬನೇ ಒಬ್ಬನಿದ್ದ. ನನ್ನ ಮಾತು ಕೇಳಿದ ಮೇಲೆ ಅವನೂ ನಾಚಿಕೊಂಡು ಊರು ಬಿಟ್ಟ.

“ಒಂದೂರಿನಲ್ಲಿ ಒಬ್ಬ ಗಾಣಿಗನಿದ್ದ. ಅವನಿಗೆ ಒಂದು ಗಾಣ, ಒಂದು ಎತ್ತು. ಆ ಎತ್ತು ಗಾಣ ಸುತ್ತಿ ಸುತ್ತಿ ನೆಟ್ಟಗೆ ನಡೆಯುವುದನ್ನೇ ಮರೆತಿತ್ತು. ಸಂತೆಗೆ ಹೊಡೆದುಕೊಂಡು ಹೊರಟರೆ ದಾರಿಯಲ್ಲಿ ಸಿಕ್ಕ ಮರಕ್ಕೆಲ್ಲ ಸುತ್ತು ಹಾಕಿ, ಸಂತೆ ಮುಗಿದ ಮೇಲೆ ತಲುಪುತ್ತಿತ್ತು. ಇಷ್ಟು ಪ್ರದಕ್ಷಿಣೆ ಹಾಕಿದ ಭಕ್ತ ಇನ್ನೊಬ್ಬನಿಲ್ಲವೆಂದು ಊರ ಮುದುಕಿಯರು ಅದಕ್ಕೇ ಕೈಮುಗಿಯುತ್ತಿದ್ದರು.

“ದೀಪಾವಳಿಯ ಪಾಡ್ಯದ ದಿನ ಆ ಊರಿನಲ್ಲಿ ಇಸ್ಪೀಟು ಆಡುವ ಪದ್ಧತಿ. ಗಾಣಿಗ, ಒಬ್ಬ ವರ್ತಕ, ಒಬ್ಬ ಬಡಗಿ, ಮೂವರೂ ವರ್ತಕನ ಜಗಲಿಯಲ್ಲಿ ಮೂರೆಲೆ ಆಟಕ್ಕೆ ಕೂತರು. ಪಣಕ್ಕೆ ಹುಣಸೆ ಬೀಜ. ತಲೆಗೆ ಮೂರು ಎಲೆ. ಧೈರ್ಯವಿದ್ದವನು ಪಣ ಏರಿಸಬೇಕು. ಇಲ್ಲದವನು ಎಲೆ ಕವುಚಿಟ್ಟು ಸುಮ್ಮನೆ ಕೂರಬೇಕು. ಎಲೆ ಕವುಚಿಡುವುದು ಬಡಗಿಗೆ ಬರುತ್ತಿತ್ತು. ಸುಮ್ಮನೆ ಕೂರುವುದು ಬರುತ್ತಿರಲಿಲ್ಲ.

“ಮೊದಲನೆಯ ಆಟದಲ್ಲೇ ಅವನು ತಾನು ಬಿಟ್ಟ ಎಲೆಗಳನ್ನು ಮಗುಚಿ ಎಲ್ಲರಿಗೂ ತೋರಿಸಿದ. ‘ನೋಡಿ, ಎಂಥ ಗುಲಾಮ ಬಂದಿದ್ದ!’

“‘ಮಾರಾಯ, ಇಟ್ಟದ್ದು ಇಟ್ಟ ಹಾಗೇ ಇರಲಿ. ನಾವಿಬ್ಬರು ಇನ್ನೂ ಆಡುತ್ತಿದ್ದೇವೆ’ ಎಂದ ಗಾಣಿಗ.

“‘ನನ್ನ ಎಲೆ, ನನ್ನ ಕೈ. ನಾನು ಆಟ ಬಿಟ್ಟಾಯಿತು. ನಿನಗ್ಯಾಕೆ ಹೊಟ್ಟೆನೋವು?’ ಎಂದ ಬಡಗಿ.

“ಮುಂದಿನ ಆಟದಲ್ಲಿ ಬಡಗಿ ಎಲೆ ಕವುಚಿದೊಡನೆ ಗಾಣಿಗ ಅವನನ್ನು ಆ ಎಲೆಗಳ ಮೇಲೆಯೇ ಕೂರಿಸಿದ. ಬಡಗಿ ಕೂತ. ಕೂತಲ್ಲಿಂದಲೇ, ‘ನಾನೀಗ ಎಂಥ ರಾಣಿಯ ಮೇಲೆ ಕೂತಿದ್ದೇನೆ ಗೊತ್ತೇ?’ ಎಂದ. ವರ್ತಕ ಹಣೆ ಬಡಿದುಕೊಂಡ. ಗಾಣಿಗ ಹೆಗಲ ಮೇಲಿನ ವಸ್ತ್ರ ತೆಗೆದು ಬಡಗಿಯ ಬಾಯಿಗೆ ಕಟ್ಟಿದ. ಆಮೇಲೆ ಬಡಗಿ ಎಲೆ ನೋಡಿದಾಗಲೆಲ್ಲ ಹುಬ್ಬು ಕುಣಿಸತೊಡಗಿದ. ಹುಬ್ಬಿಗೆ ಕಟ್ಟಲು ಗಾಣಿಗನ ಬಳಿ ಇನ್ನೊಂದು ವಸ್ತ್ರವಿರಲಿಲ್ಲ.

“ಹೀಗಿರುವಾಗ ಒಂದು ಆಟ ಬಿರುಸಾಯಿತು. ಗಾಣಿಗನಿಗೆ ಬಂದದ್ದು ಎರಡು, ಐದು, ಒಂಬತ್ತು. ಒಂದಕ್ಕೊಂದು ಯಾವ ಜನ್ಮದ ನಂಟೂ ಇಲ್ಲದ ಎಲೆಗಳು. ಆದರೂ ಅವನು ಸಣ್ಣಗೆ ನಕ್ಕು ಪಣ ಏರಿಸಿದ. ಆ ನಗು ನೋಡಿಯೇ ಬಡಗಿ ಹೆದರಿ ಎಲೆ ಕವುಚಿ ಅದರ ಮೇಲೆ ಕೂತ. ಬೀಜಗಳೆಲ್ಲ ಮುಗಿದವು. ವರ್ತಕನಿಗೆ ರೇಗಿತು. ‘ನನ್ನ ಕುದುರೆ ಇಟ್ಟೆ. ಈಗ ನಗು ನೋಡೋಣ’ ಎಂದ.

“ಗಾಣಿಗ ಮತ್ತೂ ನಕ್ಕ. ‘ಕುದುರೆಗೆ ನನ್ನ ಎತ್ತು ಸರಿಯಾಯಿತು, ಧಣಿ. ಮೇಲೆ ನನ್ನ ಗಾಣವನ್ನೂ ಇಟ್ಟೆ.’

“ಇನ್ನು ಗಾಣಿಗನ ಎಲೆ ನೋಡಬೇಕಾದರೆ ವರ್ತಕ ತನ್ನ ಅಂಗಡಿಯನ್ನೇ ಪಣಕ್ಕಿಡಬೇಕು. ಇಲ್ಲವೇ ಎಲೆ ಕವುಚಿ ಕುದುರೆ ಬಿಟ್ಟುಕೊಡಬೇಕು. ವರ್ತಕನ ಕೈಯಲ್ಲಿದ್ದದ್ದು ಜೋಡಿ ರಾಜ. ಆ ಊರಿನ ಆಟದಲ್ಲಿ ಅದಕ್ಕೆ ಮೇಲೆಂದರೆ ಜೋಡಿ ಎಕ್ಕ ಒಂದೇ. ಗಾಣಿಗನ ನಗುವಿನಲ್ಲಿ ಅವನಿಗೆ ಎರಡೂ ಎಕ್ಕಗಳು ಎದ್ದು ಕಂಡವು. ಗಾಣಿಗನಿಗೆ ಗೊತ್ತಿತ್ತು: ಎತ್ತು ಹೋದರೆ ಗಾಣವಿಲ್ಲ, ಗಾಣ ಹೋದರೆ ಮನೆಯಲ್ಲಿ ಒಲೆಯಿಲ್ಲ. ಆದರೆ ದಿನವೂ ಎಣ್ಣೆಯೊಡನೆ ಬಾಳಿದ ಮುಖ ಅವನದು. ಭಯ ಅದರ ಮೇಲೆ ನಿಲ್ಲದೆ ಜಾರಿಹೋಗುತ್ತಿತ್ತು. ವರ್ತಕನ ಕೈ ಮೆಲ್ಲಗೆ ಕೆಳಗಿಳಿಯಿತು. ಎಲೆ ಚಾಪೆಗೆ ತಾಗಲು ಒಂದು ಬೆರಳಷ್ಟೇ ಉಳಿದಿತ್ತು.

“ಜಗಲಿಯ ಮುಂದೆ ನೆರೆದಿದ್ದ ಊರಿಗೆ ಊರೇ ಆ ಇಬ್ಬರನ್ನು ನೋಡುತ್ತಿತ್ತು. ಬಡಗಿಯನ್ನು ಯಾರೂ ನೋಡುತ್ತಿರಲಿಲ್ಲ. ಅದು ಅವನಿಗೆ ತಡೆಯದಾಯಿತು. ಬಾಯಿಯ ವಸ್ತ್ರ ಕಿತ್ತೆಸೆದ. ಕೆಳಗಿನಿಂದ ತನ್ನ ಎಲೆಗಳನ್ನು ಎಳೆದು ಚಾಪೆಯ ನಡುವೆ ಹರಡಿದ.

“‘ನೋಡ್ರಪ್ಪಾ, ಜೋಡಿ ಎಕ್ಕ! ಇಂಥದ್ದನ್ನು ಬಿಟ್ಟು ಕೂತವನು ನಾನು! ನಿಮ್ಮಿಬ್ಬರಲ್ಲಿ ಯಾರಿಗಿದೆ ಈ ಎದೆ?’

“ವರ್ತಕನ ಕೈ ನಿಂತಿತು. ಇರುವ ನಾಲ್ಕು ಎಕ್ಕಗಳಲ್ಲಿ ಎರಡು ಇಲ್ಲೇ ಬಿದ್ದಿವೆ. ಉಳಿದೆರಡೂ ಹೋಗಿ ಒಬ್ಬನ ಕೈಯಲ್ಲೇ ಕೂರುವುದೆಂದರೆ ದೇವರಿಗೂ ಕಷ್ಟ. ಅವನು ಎಲೆಗಳನ್ನು ಮತ್ತೆ ಎದೆಗೆ ಹಿಡಿದುಕೊಂಡ. ‘ಅಂಗಡಿ ಇಟ್ಟೆ. ತೋರಿಸು’ ಎಂದ.

“ಗಾಣಿಗ ತೋರಿಸಿದ. ಎರಡು, ಐದು, ಒಂಬತ್ತು.

“ಮರುದಿನವೂ ಎತ್ತು ಅದೇ ಗಾಣ ಸುತ್ತಿತು. ಈಗ ಗಾಣ ವರ್ತಕನದು, ಎತ್ತು ವರ್ತಕನದು. ಎತ್ತಿನ ಹಿಂದೆ ನಡೆಯುವ ಗಾಣಿಗ ವರ್ತಕನ ಕೂಲಿಯಾಳು. ಬಾಗಿಲಲ್ಲಿ ಬಡಗಿ ಬಂದು ಕೂರುತ್ತಿದ್ದ. ಎಣ್ಣೆಗೆ ಬಂದವರನ್ನೆಲ್ಲ ಹಿಡಿದು ನಿಲ್ಲಿಸಿ, ‘ಆವತ್ತು ನನ್ನ ಹತ್ತಿರ ಜೋಡಿ ಎಕ್ಕ ಇತ್ತು, ಬಿಟ್ಟುಬಿಟ್ಟೆ!’ ಎನ್ನುತ್ತಿದ್ದ. ಗಾಣಿಗ ಬೆನ್ನು ತಿರುಗಿಸಿ ಮುಂದೆ ಹೋದರೂ ಗಾಣ ಅವನನ್ನು ಮತ್ತೆ ಬಾಗಿಲಿಗೇ ತಂದು ನಿಲ್ಲಿಸುತ್ತಿತ್ತು. ಪ್ರತಿ ಸುತ್ತಿಗೂ ಅದೇ ಬಡಗಿ, ಅದೇ ಎಕ್ಕ. ಒಂದು ದಿನ ಎತ್ತು ಕೂಡ ನಿಂತು ನಿಟ್ಟುಸಿರು ಬಿಟ್ಟಿತಂತೆ.”

ಗುರು ಕತೆ ನಿಲ್ಲಿಸಿದ. ಶಿಷ್ಯನಿಗೆ ಸಿಟ್ಟು ನೆತ್ತಿಗೇರಿತ್ತು. “ಎಂಥ ಮನುಷ್ಯ, ಗುರುಗಳೇ! ಎಲೆ ಬಿಟ್ಟಾದ ಮೇಲೆ ಸುಮ್ಮನಿರಲು ಅವನಿಗೇನು ಧಾಡಿ?”

“ಎಲ್ಲವೂ ನಿಜ ಕಣಪ್ಪಾ, ಒಂದು ಚೂರು ಮಾತ್ರ ನಾನು ಕಟ್ಟಿದ್ದು: ಬಡಗಿ ಎಲೆ ಬಿಟ್ಟ ಅಂದೆನಲ್ಲ, ಅವನು ಇನ್ನೂ ಬಿಟ್ಟಿಲ್ಲ.”