ಯುವರಾಜರ ಹೆಸರಿನಲ್ಲಿ ನೂರು ಬಸ್ಕಿ

"ನನ್ನ ಮಗ ದಿನಾ ನೂರು ಬಸ್ಕಿ ಹೊಡೆಯುತ್ತಾನೆ. ಅದೂ ಹಾಸಿಗೆ ಬಿಟ್ಟು ಏಳದೆ!" ಎಂದು ಕೆಂಗೋಟೆಯ ದೊರೆ ಬೊಮ್ಮರಸ ಆಸ್ಥಾನದಲ್ಲಿ ಮೀಸೆ ತಿರುವಿದ.

ಸಂಗತಿ ಇಷ್ಟೇ. ಒಂಬತ್ತು ವರ್ಷದ ಯುವರಾಜ ಚೆನ್ನರಸನಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹುಡುಗ ದಿನಾ ಓಡಿ ಆಡದಿದ್ದರೆ ಮುಂದೆ ನಡೆಯುವುದೂ ಕಷ್ಟ ಎಂದು ವೈದ್ಯರು ಎಚ್ಚರಿಸಿದ್ದರು. ಆಗ ಪುರೋಹಿತ ನರಹರಿ ಜೋಯಿಸರು ಉಪಾಯ ಹೇಳಿದರು: "ದೊರೆಗಳ ಪರವಾಗಿ ನಾವು ಜಪ ಮಾಡಿದರೆ ಫಲ ದೊರೆಗಳಿಗೇ ತಾನೆ? ಬಸ್ಕಿಯೂ ಹಾಗೇ!"

ಅಂದಿನಿಂದ ಜೋಯಿಸರು ಯುವರಾಜನ ಗೋತ್ರ, ನಕ್ಷತ್ರ ಹೇಳಿ ಸಂಕಲ್ಪ ಮಾಡಿಸುವರು. ಪೈಲ್ವಾನ್ ಕೆಂಚ ಬಸ್ಕಿ ಹೊಡೆಯುವನು. ಯುವರಾಜ ಮಲಗಿಕೊಂಡೇ ಮಂತ್ರಾಕ್ಷತೆ ಹಾಕಿಸಿಕೊಳ್ಳುವನು. ಕೆಂಚನ ತೊಡೆ ಕಂಬದಂತಾಯಿತು, ಯುವರಾಜನ ಹೊಟ್ಟೆ ಗುಡಾಣವಾಯಿತು.

ಇದನ್ನು ನೋಡಿ ವಿದೂಷಕ ಸಾಂತಪ್ಪನ ಕರುಳು ಚುರುಕ್ಕೆಂದಿತು. ತಾನು ಹೆಗಲ ಮೇಲೆ ಹೊತ್ತು ಆಡಿಸಿದ ಹುಡುಗ ಅದು. ದೊರೆಗೆ ಹೇಳಿ ನೋಡಿದ.

"ರಾಜಕುಮಾರ ಬೆವರುವುದೇ? ಸುಮ್ಮನಿರಯ್ಯ!" ಎಂದು ದೊರೆ ಬಾಯಿ ಮುಚ್ಚಿಸಿದ.

ಮರುದಿನ ಮಧ್ಯಾಹ್ನ ಯುವರಾಜನಿಗೆ ತುಪ್ಪದ ಹೋಳಿಗೆ ಬಂತು. ಸಾಂತಪ್ಪ ತಟ್ಟೆಯನ್ನು ಕೆಂಚನ ಮುಂದಿಟ್ಟು, "ಜೋಯಿಸರೇ, ಊಟಕ್ಕೂ ಒಂದು ಸಂಕಲ್ಪ ಆಗಿಹೋಗಲಿ" ಎಂದ. ಜೋಯಿಸರು ಅಭ್ಯಾಸಬಲದಿಂದ ಗೋತ್ರ ಹೇಳಿಯೇಬಿಟ್ಟರು. ಕೆಂಚ ತಿನ್ನತೊಡಗಿದ.

"ಏಯ್! ಅದು ನನ್ನ ಹೋಳಿಗೆ!"

"ತಮ್ಮದೇ ಯುವರಾಜರೇ" ಎಂದ ಸಾಂತಪ್ಪ. "ತಮ್ಮ ಪರವಾಗಿ ಕೆಂಚ ಅಗಿಯುತ್ತಿದ್ದಾನೆ, ಅಷ್ಟೇ. ತೇಗು ಬಂದಾಗ ಅಪ್ಪಣೆ ಕೊಡಿಸಿ."

ತೇಗು ಬರಲಿಲ್ಲ. ಎರಡನೆಯ ಹೋಳಿಗೆಯೂ ಕೆಂಚನ ಬಾಯಿಗೆ ಹೋದಾಗ ಯುವರಾಜ ಹಾಸಿಗೆಯಿಂದ ಧುಮುಕಿದ. ಸಾಂತಪ್ಪ ಕಣ್ಣು ಹೊಡೆದ. ಕೆಂಚ ತಟ್ಟೆ ಹಿಡಿದು ಓಡಿದ.

ಅಂಗಳ ದಾಟಿ, ಲಾಯ ಸುತ್ತಿ, ಕೊಳವನ್ನು ಬಳಸಿ ಓಡಿದ್ದೇ ಓಡಿದ್ದು. ಅರಮನೆಯ ಮಕ್ಕಳೆಲ್ಲ ಕೇಕೆ ಹಾಕುತ್ತ ಸೇರಿಕೊಂಡರು. ಕೊನೆಗೆ ಯುವರಾಜ ಹೋಳಿಗೆ ಕಸಿದುಕೊಂಡು, ಬೆವರು ಸುರಿಸುತ್ತ ನಕ್ಕ. "ಸಾಂತಪ್ಪ, ನಾಳೇನೂ ಹಿಂಗೇ ಓಡೋಣ! ದಿನಾ ಓಡೋಣ!"

ಅಷ್ಟರಲ್ಲಿ ದೊರೆ ಬಂದು ಕೆಂಡವಾದ. "ನನ್ನ ಮಗನ ತಟ್ಟೆ ಕಸಿದು, ಬಿಸಿಲಲ್ಲಿ ಓಡಿಸಿದ್ದು ಯಾರು? ಸಾಂತಪ್ಪ, ನೀನಾ? ನಿನಗೆ ಹತ್ತು ಚಾಟಿ ಏಟು!"

ಸಾಂತಪ್ಪ ಕೈಮುಗಿದ. "ಆಗಲಿ ಪ್ರಭು. ನನ್ನ ಗೋತ್ರ, ನಕ್ಷತ್ರ ಹೇಳುತ್ತೇನೆ. ನನ್ನ ಪರವಾಗಿ ಜೋಯಿಸರಿಗೆ ಹೊಡೆಸಿ!"

ಜೋಯಿಸರು ಪಂಚೆ ಎತ್ತಿ ಕಟ್ಟಿ ಓಟ ಕಿತ್ತರು. "ಹಿಡೀರಿ, ಹಿಡೀರಿ!" ಎನ್ನುತ್ತ ಯುವರಾಜ ಬೆನ್ನು ಹತ್ತಿದ. ಮಗ ಹುಟ್ಟಿದಂದಿನಿಂದ ಅವನು ಹಾಗೆ ಓಡಿದ್ದನ್ನು ದೊರೆ ಕಂಡಿರಲಿಲ್ಲ. ಕೋಪವೆಲ್ಲ ಇಳಿದು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಕೊರಳಿನ ಮುತ್ತಿನ ಹಾರ ತೆಗೆದು ಸಾಂತಪ್ಪನ ಕೈಗಿಟ್ಟು ಹೇಳಿದ:

"ತಗೋ ಮಾರಾಯ. ಇದನ್ನಾದರೂ ನೀನೇ ಹಾಕಿಕೋ!"