ಎರಡು ಕೂಗಿನ ಬಾವಿ

ಕರಿಕೋಟೆ ನೋಡಲು ಬಂದವರು ಮೊದಲು ಆನೆಲಾಯ ನೋಡುತ್ತಾರೆ, ಆಮೇಲೆ ರಾಣಿಯರ ಕೊಳ, ಮುರಿದ ಅರಮನೆ. ದೊಡ್ಡ ತೋಪಿನ ಮೇಲೆ ಮಕ್ಕಳನ್ನು ಕೂರಿಸಿ ಫೋಟೊ ತೆಗೆದು, ಕಬ್ಬಿನ ಹಾಲು ಕುಡಿದು, ಕೊನೆಗೆ ಬಡಗಣ ಬುರುಜಿನ ಹಿಂದಿರುವ ಈ ಬಾವಿಗೆ ಬರುತ್ತಾರೆ. ನೋಡಲು ಇಲ್ಲಿ ಏನೂ ಇಲ್ಲ. ಒಬ್ಬ ಆಳು ಇಳಿಯುವಷ್ಟು ಅಗಲದ ಕಲ್ಲಿನ ಬಾಯಿ, ಮೇಲೊಂದು ಕಬ್ಬಿಣದ ಜಾಲರಿ, ಬಗ್ಗಿದರೆ ಕತ್ತಲು. ಆದರೂ ಗೈಡುಗಳು ಕರೆತರದೆ ಬಿಡುವುದಿಲ್ಲ, ಏಕೆಂದರೆ ಇಲ್ಲಿ ಕೂಗಿದರೆ ಕೂಗು ನೆಲದೊಳಗೆ ಓಡಿಹೋಗುವುದು ಕೇಳಿಸುತ್ತದೆ. ಜನ ತಮ್ಮ ಹೆಸರು ಕೂಗುತ್ತಾರೆ, ಹೆಂಡತಿ ಮಕ್ಕಳ ಹೆಸರು ಕೂಗುತ್ತಾರೆ, ಸಿನಿಮಾದವರ ಹೆಸರನ್ನೂ ಕೂಗುತ್ತಾರೆ. ಎರಡು ಸಲ ಕೂಗಲಿ, ನನ್ನ ತಕರಾರಿಲ್ಲ. ಮೂರನೆಯ ಸಲಕ್ಕೆ ಬಾಯಿ ತೆರೆದರೆ ಮಾತ್ರ ಬಳೆ ಮಾರುವ ಹೆಂಗಸರಿಂದ ಹಿಡಿದು ನನ್ನಂಥ ಮುದುಕರ ತನಕ ಎಲ್ಲರೂ ಅವರ ಮೈಮೇಲೆ ಬೀಳುತ್ತೇವೆ. ಎಂಥ ಒರಟು ಊರಪ್ಪಾ ಎಂದು ಬೈದುಕೊಂಡು ಹೋಗುತ್ತಾರೆ. ಬೈಯಲಿ, ಬೈಗುಳದಿಂದ ಯಾರೂ ಸತ್ತಿಲ್ಲ.

ಇದು ನೀರು ಸೇದುವ ಬಾವಿಯಲ್ಲ. ಗುಡ್ಡದ ಬುಡದ ಒರತೆಯಿಂದ ಕೋಟೆಗೆ ನೀರು ತರಲು ನೆಲದಡಿಯಲ್ಲಿ ಸುರಂಗ ಕೊರೆದಿದ್ದಾರೆ. ಅದಕ್ಕೆ ಗಾಳಿಯಾಡಲೆಂದು ಅಲ್ಲಲ್ಲಿ ತೋಡಿದ ಬಾಯಿಗಳಲ್ಲಿ ಇದೊಂದು. ಹಿಂದೆ ಒಮ್ಮೆ, ಕರಿಕೋಟೆ ರಾಜಧಾನಿಯಾಗಿದ್ದ ಕಾಲದಲ್ಲಿ, ಈ ಸುರಂಗದ ಹೂಳು ತೆಗೆಯುವ ಕೆಲಸ ಹುಲುಗಪ್ಪನೆಂಬವನದಾಗಿತ್ತು ಎನ್ನುತ್ತಾರೆ. ದೂರದೇಶದ ದಂಡು ಬಂದು ಹೊರಬಾಗಿಲು ಮುರಿದ ದಿನ ಅವನು ಕೇರಿಯ ಹೆಂಗಸರು ಮಕ್ಕಳನ್ನೆಲ್ಲ ಸುರಂಗಕ್ಕಿಳಿಸಿದ. ಎಲ್ಲರಿಗಿಂತ ಕೊನೆಗೆ ಇಳಿದವಳು ಅವನ ಹೆಂಡತಿ ದುರುಗವ್ವ, ಕಂಕುಳಲ್ಲಿ ಆಗತಾನೇ ಮಾತು ಕಲಿಯುತ್ತಿದ್ದ ಮಗಳು. ಇಳಿದ ದಾರಿಗೆ ಕಲ್ಲುಮಣ್ಣು ಒಟ್ಟುವ ಮುನ್ನ ಅವನು, “ಮ್ಯಾಲಿಂದ ಯಾರ ಕರದ್ರೂ ಓ ಅನಬ್ಯಾಡ್ರಿ. ಮನ್ಯಾಗಿನ ರೂಢಿ ಮರೀಬ್ಯಾಡ್ರಿ. ನಾನ ಬಂದು ಮೂರು ಸಲ ಕರೀತೀನಿ” ಎಂದನಂತೆ.

ಮನೆಯ ರೂಢಿಯೆಂದರೆ ಇದು. ನಮ್ಮ ಕಡೆ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಥಟ್ಟನೆ ಓಗೊಡುವುದಿಲ್ಲ. ಮಾರಿ ಕರೆಯುವುದು ಗುರುತಿನವರ ದನಿಯಲ್ಲೇ, ಆದರೆ ಎರಡು ಸಲಕ್ಕಿಂತ ಹೆಚ್ಚು ಕರೆಯಲಾರಳು ಎಂಬುದು ಹಿರಿಯರ ನಂಬಿಕೆ. ಎರಡಕ್ಕೆ ಓ ಎಂದವರು ಉಳಿಯುವುದಿಲ್ಲ. ಮೂರನೆಯ ಕೂಗು ಬಂದರೆ ಅದು ಮನುಷ್ಯರದೇ. ಎದೆಹಾಲು ಕುಡಿಯುವಾಗಲೇ ನಮ್ಮ ಮಕ್ಕಳು ಕಲಿಯುವ ಈ ಮಾತು ದೂರದೇಶದ ದಂಡಿಗೆ ಹೇಗೆ ತಿಳಿಯಬೇಕು?

ಕೋಟೆ ಬಿತ್ತು. ಜನ ಸುರಂಗದಲ್ಲಿದ್ದಾರೆಂಬ ಗುಮಾನಿ ದಂಡಿನವರಿಗೆ ಬಂತು, ಆದರೆ ಸುರಂಗಕ್ಕೆ ಹತ್ತಾರು ಕವಲು, ಯಾವುದರಲ್ಲಿದ್ದಾರೆಂದು ತಿಳಿಯಲಿಲ್ಲ. ಹುಲುಗಪ್ಪನನ್ನು ಹಿಡಿದು ಬಡಿದರು. ಅವನು ಬಾಯಿ ಬಿಡಲಿಲ್ಲ. ಆಗ ಅವನ ಕೈ ಹಿಂದಕ್ಕೆ ಕಟ್ಟಿ ಸುರಂಗದ ಒಂದೊಂದೇ ಗಾಳಿಬಾಯಿಗೆ ಎಳೆದುಕೊಂಡು ಹೋಗಿ, “ಹೆಂಡತಿಯನ್ನು ಕರೆ. ಅವಳು ಓಗೊಟ್ಟರೆ ನಿನ್ನ ಜೀವ ನಿನಗೆ” ಎಂದರು. ಪಕ್ಕದಲ್ಲಿ ಹುಲ್ಲಿನ ಹೊರೆ, ಮೆಣಸಿನಕಾಯಿಯ ಚೀಲ ತಂದಿಟ್ಟಿದ್ದರು. ಓ ಎಂಬ ದನಿ ಬಂದ ಕವಲಿಗೆ ಹೊಗೆ ಹಾಕುವುದು ಅವರ ಹುನ್ನಾರ. ಹಾಗೆ ಸುತ್ತುತ್ತ ಕಡೆಗೆ ಈ ಬಾವಿಗೆ ಬಂದರು. ಇದರ ಕೆಳಗೇ ಅವರೆಲ್ಲ ಇದ್ದರು.

ಕೆಳಗೆ ಮೊಣಕಾಲುದ್ದ ನೀರು. ಮೇಲಿನ ಬಾಯಿಂದ ಬಿದ್ದ ಬೆಳಕು ನೀರಿನ ಮೇಲೆ ರೊಟ್ಟಿಯಷ್ಟಗಲ, ಉಳಿದದ್ದೆಲ್ಲ ಕತ್ತಲು. ಆ ಬೆಳಕಿನಲ್ಲಿ ನೆರಳೊಂದು ಬಂದು ನಿಂತಿತು. “ದುರುಗೀ!” ಗಂಡನ ದನಿ! ದುರುಗವ್ವ ಕತ್ತೆತ್ತಿ ನೋಡಿದಳು. ಕಂಕುಳಲ್ಲಿದ್ದ ಮಗು ಅಪ್ಪನ ದನಿ ಕೇಳಿ ಕಿಲಕಿಲ ಎನ್ನಲು ಬಾಯಿ ತೆರೆಯಿತು. ಅವಳು ಅಂಗೈಯಿಂದ ಅದರ ಬಾಯಿ ಮುಚ್ಚಿದಳು. “ದುರುಗೀ!” ಎರಡನೆಯ ಕೂಗು. ಮಗು ಒದ್ದಾಡಿತು, ಕಚ್ಚಿತು. ಅವಳು ಬಿಡಲಿಲ್ಲ. ಇನ್ನೊಂದು ಸಲ ಕೂಗೋ ನನ್ನ ದೊರೆ, ಒಂದೇ ಒಂದು ಸಲ, ಓ ಅಂತೀನಿ ಎಂದು ಅವಳ ಎದೆ ಬಡಿದುಕೊಳ್ಳುತ್ತಿತ್ತು. ಪಕ್ಕದ ಹೆಂಗಸರೆಲ್ಲ ಕತ್ತಲಲ್ಲೇ ಅವಳ ಕಡೆಗೆ ತಿರುಗಿದ್ದರು.

ಮೂರನೆಯ ಕೂಗು ಬರಲಿಲ್ಲ. “ಕೂಗೋ, ಇನ್ನೂ ಕೂಗು!” ಎಂದು ಮೇಲೆ ಯಾರೋ ಗದರಿದ್ದು ಕೇಳಿಸಿತು. ಹುಲುಗಪ್ಪ, “ಇದ್ದಿದ್ರ ಓ ಅಂತಿದ್ಲು. ಇಲ್ಲಿಲ್ಲ ಬಿಡ್ರಿ” ಎಂದ. ಸ್ವಲ್ಪ ಹೊತ್ತಿಗೆ ಆ ರೊಟ್ಟಿಯಗಲದ ಬೆಳಕೂ ಮುಚ್ಚಿಹೋಗಿ, ಅವರ ಕಾಲ ಬುಡದಲ್ಲೇ ನೀರಿಗೆ ಭಾರವಾದದ್ದೊಂದು ಬಿತ್ತು. ಅದೇನೆಂದು ಯಾರೂ ಮುಟ್ಟಿ ನೋಡಲಿಲ್ಲ. ಮುಟ್ಟಿದವಳು ದುರುಗವ್ವ ಒಬ್ಬಳೇ. ಆಗಲೂ ಅವಳು ಅಳಲಿಲ್ಲ, ಮಗುವಿನ ಬಾಯಿಂದ ಕೈ ತೆಗೆಯಲಿಲ್ಲ.

ದಂಡು ಹೋದ ಮೇಲೆ ಕೇರಿಯ ಗಂಡಸರು ಬಂದು ಮೂರು ಸಲ ಕರೆದರು. ಎಲ್ಲರೂ ಓ ಎಂದರು, ದುರುಗವ್ವ ಅನ್ನಲಿಲ್ಲ. ಮಗು ಬದುಕಿ, ಬೆಳೆದು, ತಾನೂ ಮಕ್ಕಳ ತಾಯಿಯಾಯಿತು. ಮಗಳು ಅವ್ವಾ ಎಂದು ಎಷ್ಟು ಸಲ ಕರೆದರೂ ದುರುಗವ್ವ ಎದ್ದು ಬರುತ್ತಿದ್ದಳೇ ಹೊರತು, ಸಾಯುವ ತನಕ ಯಾರಿಗೂ ಓ ಎನ್ನಲಿಲ್ಲವಂತೆ. ಅವಳು ನುಂಗಿದ ಆ ಓ ಇನ್ನೂ ಸುರಂಗದಲ್ಲೇ ಇದೆ, ಮೂರನೆಯ ಕೂಗಿಗೆ ಕಾದು ಕೂತಿದೆ ಎನ್ನುತ್ತಾರೆ.

ಈಗಲೂ ನೋಡಿ, ನಮ್ಮೂರ ತಾಯಂದಿರು ಈ ಬಾವಿ ದಾಟುವಾಗ ಕಂಕುಳ ಮಗುವಿನ ಬಾಯಿಗೆ ಅಂಗೈ ಅಡ್ಡ ಇಡುತ್ತಾರೆ. ಯಾತ್ರಿಕರು ಅದರ ಫೋಟೊವನ್ನೂ ತೆಗೆಯುತ್ತಾರೆ. ಮೂರನೆಯ ಸಲ ಕೂಗಿದರೆ ನಿಜವಾಗಿ ಕೆಳಗಿನಿಂದ ಓ ಕೇಳಿಸುತ್ತದೆಯೇ ಎಂದು ನನ್ನನ್ನು ಕೇಳುವವರಿದ್ದಾರೆ. ನನಗೆ ಗೊತ್ತಿಲ್ಲ, ಕೂಗಿ ನೋಡುವ ಎದೆಯೂ ನನಗಿಲ್ಲ. ಕೂಗಿದ್ದರೆ ಬದುಕುತ್ತಿದ್ದವನೇ ಕೂಗದೆ ಹೋದ. ನಾವು ಕೂಗಿ, ಅವನೇ ಬಂದನೆಂದು ಆ ತಾಯಿಯನ್ನು ಎಬ್ಬಿಸುವುದು ಬೇಡ.